ಪತ್ತನಾಜೆಗೆ ಮೊದಲು, ಕೋರೆಯಲ್ಲಿ

ಕೈಬಿಟ್ಟ ಮುರಕಲ್ಲಿನ ಕೋರೆ. ಆಳ ಮೂರಾಳು.
ಯಂತ್ರ ಕೊಯ್ದ ಗೋಡೆಯ ತುಂಬ ಅಡ್ಡಗೆರೆ,
ಎರಡನೇ ಕ್ಲಾಸಿನ ಕಾಪಿ ಪುಸ್ತಕದ ಹಾಗೆ.
ಅರ್ಧಕ್ಕೆ ಕೊಯ್ದು ಬಿಟ್ಟ ಮೆಟ್ಟಿಲುಗಳೇ ಕುರ್ಚಿ.
ಮೈಕು ಬೇಡ. ಒಬ್ಬರು ಕೆಮ್ಮಿದರೆ
ನಾಲ್ಕು ಮಂದಿ ಕೆಮ್ಮಿದಷ್ಟು ಕೇಳುತ್ತದೆ.

ಪತ್ತನಾಜೆಯೊಳಗೆ ಮುಗಿಸಬೇಕು ಎಂಬುದು ಲೆಕ್ಕ.
ಆಮೇಲೆ ಇಲ್ಲಿ ನೀರು ನಿಂತು
ಕಪ್ಪೆಗಳ ಓದು ಸುರು.
ಹಾಗಾಗಿ ಪಗ್ಗು ತಿಂಗಳ ನಾಲ್ಕೂ ಆದಿತ್ಯವಾರ
ಬಿಸಿಲು ಮೂಡುಗೋಡೆ ಹತ್ತಿ ದಾಟಿದ ಮೇಲೆ
ಸೀತಾಂಗೋಳಿಯವರು, ಪೆರ್ಮುದೆಯವರು,
ಕೆಲವೊಮ್ಮೆ ಬರೇ ಬಸ್ಸು ತಪ್ಪಿದವರು
ಬಂದು ಕೂರುತ್ತಾರೆ.

ಕಾಗದ ನನ್ನದು.
ನನ್ನ ಜೆರಾಕ್ಸ್ ಅಂಗಡಿಯಲ್ಲಿ ಹಾಳಾದ ಹಾಳೆಗಳು.
ಒಂದು ಬದಿ ಯಾರದೋ ರೇಷನ್ ಕಾರ್ಡು,
ಮಸಿ ಹರಡಿದ ಜಾಗದ ನಕ್ಷೆ. ಇನ್ನೊಂದು ಬದಿ ಖಾಲಿ.
ಖಾಲಿಯಲ್ಲಿ ಬರೆಯಿರಿ ಎಂದರೆ
ಮೊದಲು ಎಲ್ಲರೂ ತಿರುಗಿಸಿ ಓದುವುದು ಆ ಬದಿಯನ್ನೇ:
'ಹ್ವಾ, ಇವರಿಗೆ ಇಷ್ಟು ಜಾಗ ಉಂಟಾ!'

ಬರೆಯಲು ಅರ್ಧ ಗಂಟೆ.
ಕೊಳೆತ ಗೇರುಹಣ್ಣಿನ ವಾಸನೆ ಮೇಲಿನಿಂದ ಇಳಿಯುತ್ತದೆ.
ಪುನರ್ಪುಳಿ ಶರಬತ್ತಿನ ಲೋಟ ಕೆಲವು ಹಾಳೆಗಳಿಗೆ
ಉರುಟು ಮೊಹರು ಒತ್ತುತ್ತದೆ.
ಬಲ್ಯಾಯ ಮಾಸ್ಟ್ರು ಮಾತ್ರೆ ಎಣಿಸುತ್ತಾ ಬೆರಳು ಮಡಚುತ್ತಾರೆ.
ಬೀಡಿ ಕಟ್ಟುವ ಸಫಿಯಾಳ ಉಗುರು
ಪೆನ್ನಿನ ತುದಿಯನ್ನೂ ಮಡಚಲು ನೋಡುತ್ತದೆ.
ಮಾಧವನ ಏಳೂ ಕವಿತೆಯಲ್ಲಿ ಒಬ್ಬಳೇ ಹುಡುಗಿ;
ಅವಳ ಮದುವೆಗೆ ನಾವೆಲ್ಲ ಹೋಗಿ
ಉಂಡು ಬಂದವರು.

ಕೊನೆಯ ಆದಿತ್ಯವಾರ.
ಹಾಳೆ ಒಟ್ಟು ಮಾಡಿ ಓದುವವ ನಾನು.
ಹದಿನಾಲ್ಕನೆಯದು ನಾರಾಯಣಿಯಕ್ಕನದು.
ಉರುಟುರುಟು ಮಲಯಾಳದ ಅಕ್ಷರ.
'ಅಕ್ಕಾ, ಇದು ಮಲಯಾಳದ ಕವಿತೆಯಾ?'
'ಅಲ್ಲಪ್ಪ, ಕನ್ನಡವೇ. ಅಕ್ಷರ ಮಾತ್ರ ಅದು.
ನಲವತ್ತು ಕಳೆದ ಮೇಲೆ ರಾತ್ರಿ ಕ್ಲಾಸಿಗೆ ಹೋದದ್ದು,
ಬಂದ ಟೀಚರಿಗೆ ಗೊತ್ತಿದ್ದದ್ದು ಅದೊಂದೇ.
ಮನೆಯಲ್ಲಿ ತುಳು, ಬರೆಯಹೊರಟರೆ ಕನ್ನಡ ಬರುತ್ತದೆ.
ಯಾಕೆ ಅಂತ ಕೇಳಬೇಡ.'

ಐವತ್ತೆರಡು ವರ್ಷ ಇದೇ ಮಣ್ಣಿನಲ್ಲಿ ಇದ್ದೂ
ಬಸ್ಸಿನ ಬೋರ್ಡಿನಷ್ಟೇ ಕಲಿತ ನನ್ನ ಕಣ್ಣು
ಎರಡನೇ ಪದಕ್ಕೆ ಎಡವಿತು.

ಹಿಂದಿನ ಮೆಟ್ಟಿಲಲ್ಲಿ ಅಭಿನಂದ್, ಹತ್ತು ವರ್ಷದವ.
ಅಮ್ಮನಿಗೆ ವರ್ಗವಾಗಿ ಪಯ್ಯನ್ನೂರಿನಿಂದ ಬಂದವ,
ಕನ್ನಡದಲ್ಲಿ 'ಊಟ' ಒಂದು ಗೊತ್ತು.
ಹಾಳೆ ಕೈಯಿಂದ ಕೈಗೆ ಅವನ ತನಕ ಹೋಯಿತು.

ಓದಿದ. ಒಂದೊಂದೇ ಅಕ್ಷರ,
ತುಂಬಿದ ಕೊಡವನ್ನು ಬಾವಿಯ ಕಲ್ಲಿಗೆ ತಾಗಿಸದೆ
ಎಳೆದ ಹಾಗೆ.
ಳಕಾರವಂತೂ ನಮ್ಮೆಲ್ಲರಿಗಿಂತ ಚಂದ.

      ನೀವು ಕೂತಲ್ಲಿ ಮೊದಲು ಗಾಳಿ ಇರಲಿಲ್ಲ. ಕಲ್ಲಿತ್ತು.
      ನಮ್ಮ ಆಡು ಮೇಯುತ್ತಿದ್ದದ್ದು ಅಗಾ ಅಲ್ಲಿ,
      ಈಗ ಏರೋಪ್ಲೇನು ಚಿಟ್ಟೆ ಹಾರುವ ಎತ್ತರದಲ್ಲಿ.
      ಆಡು ಕಟ್ಟಿದ ಗೂಟದ ಗುಂಡಿಯನ್ನೂ
      ಕೊಯ್ದುಕೊಂಡು ಹೋದರು.
      ಕಲ್ಲಿಗೆ ಇಷ್ಟು ಎಂದು ನಾನೂ ಹೊತ್ತೆ.
      ಗೋಡೆಯಲ್ಲಿ ಇದ್ದಿಲಿನ ಲೆಕ್ಕ ಇಟ್ಟಿದ್ದೆ,
      ಆ ಗೋಡೆಯೂ ಲಾರಿ ಹತ್ತಿತು.
      ನಿಮ್ಮ ನಿಮ್ಮ ಮನೆಯಲ್ಲಿ ಅವು ಇರಬಹುದು.
      ರಾತ್ರಿ ಮಲಗುವಾಗ ತಂಪುಂಟಾ?

ಹುಡುಗ ತಲೆಯೆತ್ತಿದ.
ಅದು ಪ್ರಶ್ನೆ ಎಂದು ಚಿಹ್ನೆಯಿಂದ ಗೊತ್ತಾಗಿತ್ತು;
ಉತ್ತರಕ್ಕೆ ಕಾದ.
ಕೋರೆ ಎರಡು ಸಲ 'ಉಂಟಾ, ಉಂಟಾ' ಎಂದು
ತಾನೂ ಸುಮ್ಮನಾಯಿತು.
ಬಲ್ಯಾಯ ಮಾಸ್ಟ್ರ ಮಡಚಿದ ಬೆರಳು ಮಡಚಿದ ಹಾಗೇ.
ಮಾಧವ ಮೇಲೆ ನೋಡುತ್ತಿದ್ದ,
ಕಟ್ಟು ಬಿಚ್ಚಿ ಹೋದ ಆಡನ್ನು ಹುಡುಕುವವನ ಹಾಗೆ.

ಮೊಬೈಲು ಬೆಳಕಿನಲ್ಲಿ ಮೇಲೆ ಹತ್ತುವಾಗ ಕೇಳಿದೆ,
'ಅಕ್ಕಾ, ಇದನ್ನು ಕನ್ನಡದ ಅಕ್ಷರದಲ್ಲಿ ಬರೆದಿಡಲಾ?
ಬರುವ ವರ್ಷ ನಾನೇ ಓದಬಹುದು.'
ಬಗ್ಗಿ ದಾರಿಯ ಗೇರುಬೀಜ ಹೆಕ್ಕಿ
ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.
'ಬೇಡ' ಎಂದಳು. 'ಬರೆದರೆ
ಮತ್ತೆ ಆ ಹುಡುಗನನ್ನು ಯಾರು ಕರೆಯುತ್ತಾರೆ?'